ಬೈದುಕೊಂಡೇ ನೋಡುವವರಿಗೆ

ಓದುಗರೊಬ್ಬರ ಪತ್ರದ ಸಾರ: ವೈಜ್ಞಾನಿಕ ಕಾದಂಬರಿ ಎಂದರೆ ನನಗೆ ಪ್ರಾಣ. ಅದೇ ಟಿ.ವಿ. ಧಾರಾವಾಹಿಯಾಗಿ ಬಂದರೆ ಮೈ ಉರಿಯುತ್ತದೆ. ನಿರ್ವಾತದಲ್ಲಿ ಢಂ ಎಂಬ ಸದ್ದು, ಅಂತರಿಕ್ಷ ಹಡಗಿನೊಳಗೆ ತೇಲದೆ ಎಲ್ಲರ ಆರಾಮದ ಓಡಾಟ, ಮೆಚ್ಚಿಕೊಂಡದ್ದೇ ಅರ್ಧಕ್ಕೆ ನಿಲ್ಲುವುದು. ಆದರೂ ಬಿಡಲಾಗುತ್ತಿಲ್ಲ. ಬರೆಯುವವರಿಗೆ ವಿಜ್ಞಾನ ಗೊತ್ತಿಲ್ಲವೋ, ನಮ್ಮದೇ ಅತಿಯಾಯಿತೋ?

ಸಂಪಾದಕರ ಉತ್ತರ:

ಗೊತ್ತಿಲ್ಲದೆ ಆಗುವ ತಪ್ಪು ಕಡಿಮೆ, ದುಡ್ಡಿಲ್ಲದೆ ಆಗುವ ತಪ್ಪು ಜಾಸ್ತಿ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನ ಟ್ರಾನ್ಸ್‌ಪೋರ್ಟರನ್ನೇ ನೋಡಿ. ವಾರಕ್ಕೊಂದು ಗ್ರಹದ ಮೇಲೆ ಹಡಗು ಇಳಿಯುವುದನ್ನು ತೋರಿಸುವುದು ಆ ಬಜೆಟ್ಟಿಗೆ ನಿಲುಕುತ್ತಿರಲಿಲ್ಲ. ಅದಕ್ಕೇ ಪಾತ್ರಗಳನ್ನು ಹಡಗಿನಲ್ಲಿ ಮಿನುಗಿಸಿ ಮಾಯಮಾಡಿ ನೆಲದ ಮೇಲೆ ಮೂಡಿಸಿದರು. ಖರ್ಚು ಉಳಿಯಿತು, ಕಥೆಗೆ ತೂತು ಬಿತ್ತು. ಯಾರಿಗೆ ಅಪಾಯ ಬಂದರೂ ತಕ್ಷಣ ಮೇಲಕ್ಕೆಳೆದುಕೊಳ್ಳಬಹುದಲ್ಲ? ಹಾಗಾಗಿ ಯಾರಾದರೂ ಸಿಕ್ಕಿಬೀಳಬೇಕೆಂದರೆ ಯಂತ್ರ ಕೆಡಬೇಕು, ಇಲ್ಲವೇ ಸಂಪರ್ಕಸಾಧನ ಕೈತಪ್ಪಬೇಕು. ನಮಗೆ ಸಿಟ್ಟು ಬರುವುದು ಈ ತೇಪೆ ಕಂಡು.

ಗುರುತ್ವದ ಪಾಡೂ ಇದೇ. ತೂಕವಿಲ್ಲದೆ ತೇಲುವುದನ್ನು ತೋರಿಸಲು ನಟರನ್ನು ತಂತಿಗೆ ತೂಗುಹಾಕಿ ಇಡೀ ಸೀಸನ್ ಚಿತ್ರೀಕರಿಸಲಾಗದು. ಆದರೆ ಮರ್ಯಾದೆಯ ದಾರಿ ಒಂದಿದೆ. ‘ದಿ ಎಕ್ಸ್‌ಪಾನ್ಸ್’ (2015) ಹಡಗುಗಳಲ್ಲಿ ಅಂತಸ್ತುಗಳು ಎಂಜಿನ್ನಿನ ಮೇಲೆ ಒಂದರ ಮೇಲೊಂದು ನಿಂತಿವೆ, ಬಹುಮಹಡಿ ಕಟ್ಟಡದಂತೆ. ಎಂಜಿನ್ ಉರಿಯುವಷ್ಟು ಹೊತ್ತು ನೆಲ ಕಾಲನ್ನು ಮೇಲಕ್ಕೊತ್ತುತ್ತದೆ. ತೂಕ ಅನಿಸುವುದು ಅದೇ. ಅರ್ಧ ದಾರಿಯಲ್ಲಿ ಹಡಗು ಹಿಂದುಮುಂದಾಗಿ ತಿರುಗಿ, ಅದೇ ಎಂಜಿನ್ನಿನಿಂದ ವೇಗ ತಗ್ಗಿಸುತ್ತದೆ. ಎಂಜಿನ್ ನಿಂತಾಗ ಅಯಸ್ಕಾಂತದ ಬೂಟು. ನಟರು ಮಾಮೂಲಿ ನೆಲದ ಮೇಲೆ ನಡೆದರು, ಭೌತಶಾಸ್ತ್ರವೂ ಕೆಡಲಿಲ್ಲ. (ಅಷ್ಟು ಹೊತ್ತು ಉರಿಯಲು ಇಂಧನ ಎಲ್ಲಿಂದ ಎಂದು ಕೇಳಬೇಡಿ, ಒಂದು ಸುಳ್ಳಿಗೆ ಮಾಫಿ ಇರಲಿ.) ಸುತ್ತುವುದರಿಂದಲೇ ಒಳಗಿದ್ದವರಿಗೆ ತೂಕ ಅನಿಸುವಂತೆ ಮಾಡುವ ಚಕ್ರದಾಕಾರದ ಅಂತರಿಕ್ಷ ನಿಲ್ದಾಣ ಕಂಡರೆ ನೀವೇ ಲೆಕ್ಕ ಹಾಕಿ: ನಿಮಿಷಕ್ಕೆ 2 ಸುತ್ತಿನಲ್ಲಿ ಭೂಮಿಯಷ್ಟೇ ತೂಕ ಬರಲು ಸುಮಾರು 224 ಮೀಟರ್ ತ್ರಿಜ್ಯ ಬೇಕು. ಚಕ್ರ ಚಿಕ್ಕದಾದಷ್ಟೂ ಜೋರಾಗಿ ತಿರುಗಬೇಕು. ಆಗ ಒಳಗಿದ್ದವರು ಕತ್ತು ಹೊರಳಿಸಿದರೂ ತಲೆಸುತ್ತು, ವಾಕರಿಕೆ.

ಢಂ ಸದ್ದಿನ ಬಗ್ಗೆ ನಮಗೆ ಅಷ್ಟೇನೂ ತಕರಾರಿಲ್ಲ. ಅಂತರಿಕ್ಷದಲ್ಲಿ ಹಿನ್ನೆಲೆ ಸಂಗೀತದ ಪಿಟೀಲು ಕೇಳಿಸಿಕೊಂಡವರು ಅದನ್ನೂ ಸಹಿಸಬಹುದು.

ಅರ್ಧಕ್ಕೆ ನಿಲ್ಲುವುದಿದೆಯಲ್ಲ, ಅದು ನಿಜವಾದ ಸಂಕಟ. ಪೊಲೀಸ್ ಕಥೆಗೆ ಬೀದಿ, ಮನೆ, ಅಂಗಡಿ ಬಾಡಿಗೆಗೆ ಸಿಗುತ್ತವೆ. ಅಂತರಿಕ್ಷ ಹಡಗಿನ ಪ್ರತಿ ಕಾರಿಡಾರನ್ನೂ ಕಟ್ಟಬೇಕು, ಹೊರನೋಟವನ್ನು ಗ್ರಾಫಿಕ್ಸ್‌ನಲ್ಲಿ ಮಾಡಬೇಕು. ನೋಡುವವರು ಅಷ್ಟೇ ಇದ್ದರೂ ಮೊದಲನೆಯದು ಉಳಿದು ಎರಡನೆಯದು ಹೋಗುವುದು ಇದರಿಂದ. ಮೇಲೆ ಚಾನೆಲ್‌ಗಳ ಉಪಕಾರ ಬೇರೆ. 2002ರ ‘ಫೈರ್‌ಫ್ಲೈ’ 14 ಕಂತು ತಯಾರಾಗಿ ಮೊದಲ ಪ್ರಸಾರದಲ್ಲಿ 11 ಮಾತ್ರ ಬಂದವು. ಪಾತ್ರಗಳನ್ನು ಪರಿಚಯಿಸುವ ಆರಂಭದ ಎರಡು ಗಂಟೆಯ ಕಂತನ್ನು ಕಟ್ಟಕಡೆಗೆ ತೋರಿಸಿದರು! ಈಗ ನೋಡುವವರು ‘ಸೆರೆನಿಟಿ’ ಎಂಬ ಆ ಕಂತಿನಿಂದಲೇ ಶುರುಮಾಡಿ. ಅದೇ ಹೆಸರಿನ 2005ರ ಸಿನಿಮಾ ಕೊನೆಗಿರಲಿ.

ಮೊದಲೇ ಯೋಜನೆ ಹಾಕಿಕೊಂಡರೂ ಪಾರಾಗುವುದು ಕಷ್ಟ. ‘ಬ್ಯಾಬಿಲನ್ 5’ ಐದು ವರ್ಷದ ಕಥೆಯೆಂದೇ ಹೊರಟದ್ದು. ಯಾವ ನಟ ಬಿಟ್ಟುಹೋದರೂ ಕಥೆ ಮುಂದೆ ಸಾಗಲು ಪ್ರತಿ ಪಾತ್ರಕ್ಕೂ ಹೊರಬಾಗಿಲು ಇಟ್ಟುಕೊಂಡಿದ್ದರು. ಮೊದಲ ಸೀಸನ್ ಆದಮೇಲೆ ನಾಯಕನೇ ಬದಲಾದಾಗ ಅದು ಕೈಹಿಡಿಯಿತು. ಆದರೆ ಐದನೇ ಸೀಸನ್ ಸಿಗುವುದೇ ಅನುಮಾನವಾದಾಗ ಮುಖ್ಯ ಎಳೆಗಳನ್ನೆಲ್ಲ ನಾಲ್ಕರಲ್ಲೇ ಮುಗಿಸಿದರು. ಆಮೇಲೆ ಇನ್ನೊಂದು ಚಾನೆಲ್ ಐದನೆಯದನ್ನೂ ಕೊಟ್ಟಿತು. ನಾಲ್ಕು ಓಡುತ್ತದೆ, ಐದು ತೆವಳುತ್ತದೆ ಎಂಬ ಅಭಿಮಾನಿಗಳ ಗೊಣಗಾಟ ಸುಮ್ಮನೆ ಹುಟ್ಟಿದ್ದಲ್ಲ.

ಬೈಯಲೇಬೇಕಾದ ತಪ್ಪು ಬೇರೆಯೇ ಇದೆ: ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯುವುದು. ಮೊದಲ ಮೂರು ಕಂತು ನೋಡುವಾಗ ಒಂದು ಚೀಟಿಯಲ್ಲಿ ಬರೆದಿಡಿ: ಹಡಗಿನ ವೇಗ ಎಷ್ಟು, ಸಂದೇಶ ಮುಟ್ಟಲು ಎಷ್ಟು ಹೊತ್ತು, ಯಾವ ಆಯುಧ ಏನು ಮಾಡಲಾರದು. ಭೂಮಿ–ಮಂಗಳದ ನಡುವೆ ಸಂದೇಶಕ್ಕೆ 3ರಿಂದ 22 ನಿಮಿಷ ಬೇಕೆಂದು ಒಪ್ಪಿಕೊಂಡ ಕಥೆ, ಎರಡನೇ ಸೀಸನ್ನಿನಲ್ಲಿ ಕಾರಣ ಕೊಡದೆ ಅಲ್ಲಿಂದಿಲ್ಲಿಗೆ ಹರಟೆ ಹೊಡೆಸಿದರೆ ಧಾರಾಳವಾಗಿ ಬೈಯಿರಿ.

ಇನ್ನು, ಮುಗಿಯದ್ದನ್ನು ಹಿಡಿಯಬೇಕೇ ಬಿಡಬೇಕೇ? ಕಂತಿಗೊಂದು ಕಥೆಯಾದರೆ ಯಾವಾಗ ಬೇಕಾದರೂ ಶುರುಮಾಡಿ, ನಿಂತರೂ ನಷ್ಟವಿಲ್ಲ. ಒಂದೇ ರಹಸ್ಯಕ್ಕೆ ಜೋತುಬಿದ್ದದ್ದಾದರೆ ಕೊನೆಯ ಸೀಸನ್ ಘೋಷಣೆಯಾಗುವ ತನಕ ಕಾಯುವುದೇ ಮೇಲು.