ಟ್ರಾಲಿ ಲೋಡು ದಿನಕ್ಕೊಂದು ಥರ ಇದ್ದರೆ ಯಾವ ಹಿಚ್ ಹಾಕಿಸಬೇಕು?

ಸಿಂಧನೂರು ಕಡೆಯವರು ಅಂದಿದ್ದೀರಿ. 50 ಎಚ್‌ಪಿ ಟ್ರ್ಯಾಕ್ಟರ್, ಎರಡು ಗಾಲಿಯ ಟ್ರಾಲಿ. ಒಂದು ದಿನ ನೆಲ್ಲು, ಒಂದು ದಿನ ಹುಲ್ಲು, ಇನ್ನೊಂದು ದಿನ ಇಟ್ಟಿಗೆ. ಅಮೆರಿಕದ ವಿಡಿಯೋದಲ್ಲಿ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚುವ ಹುಕ್ಕು, ನೋಡಿದ್ದೀರಿ. ಅದನ್ನ ತರಿಸಬೇಕಾ, ತರಿಸಿದರೆ ಯಾವ ಸೈಜು ಅಂತ ನಿಮ್ಮ ಪ್ರಶ್ನೆ.

ತರಿಸಬೇಡಿ ಅಣ್ಣಾ. ಅದು ಒಳ್ಳೆಯ ಸಾಮಾನೇ, ಆದರೆ ಟ್ರ್ಯಾಕ್ಟರಿಗೆ ಮಾಡಿದ್ದಲ್ಲ. ಕಾರು, ಪಿಕಪ್‌ಗಳ ಹಿಂಬದಿ ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಟ್ರೇಲರ್ ಮೂತಿಯ (ಗಾಡಿಗೆ ಕಟ್ಟುವ ಮುಂತುದಿಯ) ಭಾರಕ್ಕೆ ಹಿಂಬದಿ ಕುಸಿದು ಮುಂಬದಿ ಏಳುತ್ತದೆ. ಆಗ ಎರಡು ಸ್ಪ್ರಿಂಗ್ ಬಾರುಗಳು ಸನಿಕೆಯಿಂದ ಮೀಟಿದ ಹಾಗೆ ಮೀಟಿ, ಒಂದಿಷ್ಟು ಭಾರವನ್ನ ಮುಂದಿನ ಗಾಲಿಗೂ ಟ್ರೇಲರಿನ ಗಾಲಿಗೂ ದಾಟಿಸುತ್ತವೆ. ಅಲ್ಲಿ ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಮೂತಿಯ ಮೇಲೆ ಇರಬೇಕು ಅನ್ನುತ್ತಾರೆ, ಅದನ್ನ ನೋಡಿ ಬಾರಿನ ಸೈಜು ಆರಿಸುತ್ತಾರೆ. ಲೋಡು ಬದಲಾದರೆ ಅವರೂ ಚೈನಿನ ಕೊಂಡಿ ಎಣಿಸಿ ಬಿಗಿ ಬದಲಿಸಬೇಕು. ನಮ್ಮ ಟ್ರ್ಯಾಕ್ಟರಿನ ಹಿಂಬದಿಗೆ ಸ್ಪ್ರಿಂಗೇ ಇಲ್ಲ. ಹುಕ್ಕು-ಪಿನ್ನು ಸಡಿಲ ಇರೋದೇ ಬದುವು, ಕಾಲುವೆ ಏರಿಗಳಲ್ಲಿ ಟ್ರಾಲಿ ಹೇಗೆ ಬೇಕಾದರೂ ಹೊರಳಲಿ ಅಂತ. ಅಂಥ ಜಾಗದಲ್ಲಿ ಆ ಬಾರುಗಳು ಬಾಗುತ್ತವೆ, ಇಲ್ಲ ಹುಕ್ಕನ್ನೇ ಕೀಳುತ್ತವೆ.

ಆದರೆ ನಿಮ್ಮ ಚಿಂತೆ ಸರಿ ಇದೆ. ನಾನು ಕಾರಟಗಿ ಹತ್ತಿರದವನು. ಒಂದು ಸಲ 60 ಚೀಲ ನೆಲ್ಲು ಹೇರಿದ್ದೆ. ನಮ್ಮಲ್ಲಿ ಚೀಲಕ್ಕೆ 75 ಕೆಜಿ, ಅಂದರೆ 4,500 ಕೆಜಿ. ಹಮಾಲರು ಅವಸರದಲ್ಲಿ ಮುಂದೆಯೇ ಜಾಸ್ತಿ ಒಟ್ಟಿದ್ದರು, ನಾನೂ ನೋಡಲಿಲ್ಲ. ಕಾಲುವೆ ಸೇತುವೆಯ ಏರು ಹತ್ತುವಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು. ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಮುಂದಿನ ಗಾಲಿ ನೆಲದಿಂದ ಒಂದು ಗೇಣು ಮೇಲಿತ್ತು. ಪಕ್ಕದಲ್ಲೇ ತುಂಬಿದ ಕಾಲುವೆ. ಮೆಲ್ಲಗೆ ಕ್ಲಚ್ ಒತ್ತಿದೆ, ಮೂತಿ ಇಳಿಯಿತು, ಬದುಕಿದೆ.

ಇದರ ಲೆಕ್ಕ ಎತ್ತಿನ ಗಾಡಿ ಹೊಡೆದವರಿಗೆ ಗೊತ್ತು. ಮುಂಭಾರವಾದರೆ ಎತ್ತಿನ ಹೆಗಲಿಗೆ ನೋವು, ಹಿಂಭಾರವಾದರೆ ನೊಗವೇ ಮೇಲೆದ್ದು ಕೊರಳು ಬಿಗಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಹುಕ್ಕು ಹಿಂದಿನ ಅಚ್ಚಿಗಿಂತ ಸುಮಾರು 60 ಸೆಂಟಿಮೀಟರ್ ಹಿಂದಿದೆ, ಮುಂದಿನ-ಹಿಂದಿನ ಗಾಲಿಗಳ ನಡುವೆ 2 ಮೀಟರ್ ಅಂತ ಇಟ್ಟುಕೊಳ್ಳಿ. ಹುಕ್ಕಿನ ಮೇಲೆ 1,000 ಕೆಜಿ ಬಿದ್ದರೆ ಮುಂದಿನ ಗಾಲಿಯಿಂದ 300 ಕೆಜಿ ಹೋಯಿತು. ಏರಿನಲ್ಲಿ ಎಳೆತಕ್ಕೆ ಇನ್ನೂ ಹೋಗುತ್ತದೆ. ಟ್ರ್ಯಾಕ್ಟರಿನ ಖಾಲಿ ತೂಕದ ಐದನೇ ಒಂದು ಪಾಲಾದರೂ ಮುಂದೆ ಉಳಿಯಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಹಿಡಿದದ್ದು ಸುಮ್ನೆ.

ಹಾಗಾಗಿ ದುಡ್ಡು ಹಾಕುವ ಮೊದಲು ರೈಸ್‌ಮಿಲ್ಲಿನ ವೇಬ್ರಿಜ್‌ಗೆ ಹೋಗಿ. ಟ್ರಾಲಿ ಬಿಚ್ಚಿ ಟ್ರ್ಯಾಕ್ಟರ್ ಮಾತ್ರ ತೂಗಿಸಿ. ಆಮೇಲೆ ತುಂಬಿದ ಟ್ರಾಲಿ ಕಟ್ಟಿ, ಅದರ ಗಾಲಿ ಹೊರಗೆ ಬಿಟ್ಟು, ಟ್ರ್ಯಾಕ್ಟರನ್ನ ಮಾತ್ರ ಹತ್ತಿಸಿ. ಎಷ್ಟು ಹೆಚ್ಚಿತೋ ಅದೇ ಹುಕ್ಕಿನ ಭಾರ. ಕೊನೆಗೆ ಹಾಗೇ ಕಟ್ಟಿಕೊಂಡು ಮುಂದಿನ ಎರಡು ಗಾಲಿ ಮಾತ್ರ. ನೆಲ್ಲಿಗೊಮ್ಮೆ, ಇಟ್ಟಿಗೆಗೊಮ್ಮೆ ತೂಗಿಸಿದರೆ ಸಾಕು. ಹುಲ್ಲಿಗೆ ಬೇಡ, ಅಲ್ಲಿ ಭಾರ ಕಡಿಮೆ, ಎತ್ತರವೇ ಅಪಾಯ.

ಮುಂದಿನ ಗಾಲಿಯ ತೂಕ ಆ ಐದನೇ ಒಂದು ಪಾಲಿಗಿಂತ ಕಡಿಮೆ ಬಂದರೆ ಮೊದಲು ಚೀಲ ಸರಿಸಿ. ಹುಕ್ಕಿನಿಂದ ಟ್ರಾಲಿ ಅಚ್ಚಿಗೆ 3 ಮೀಟರ್ ಇದ್ದರೆ, 10 ಚೀಲವನ್ನ ಒಂದು ಮೀಟರ್ ಹಿಂದಕ್ಕೆ ಹಾಕಿದರೆ ಹುಕ್ಕಿನಿಂದ 250 ಕೆಜಿ ಇಳಿಯುತ್ತದೆ. ಪೂರ್ತಿ ಹಿಂದಕ್ಕೂ ಬೇಡ, ಟ್ರಾಲಿಯ ಮೂತಿ ಮೇಲೇಳುತ್ತದೆ, ಟ್ರಾಲಿ ಓಲಾಡುತ್ತದೆ. ಎರಡು ಕಡೆ ಇಳಿಸೋದಿದ್ದರೆ ಮುಂದಿನ ಚೀಲಗಳನ್ನೇ ಮೊದಲು ಖಾಲಿ ಮಾಡಬೇಡಿ, ಅದೂ ಹಿಂಭಾರವೇ. ಅಂಥ ಟ್ರಾಲಿಯ ಪಿನ್ನು ತೆಗೆದರೆ ಮೂತಿ ನೇರ ಮುಖಕ್ಕೆ ಬರುತ್ತದೆ.

ಆಮೇಲೂ ಕಡಿಮೆ ಇದ್ದರೆ ಮುಂದಿನ ಬಂಪರಿಗೆ ಬೀಡು ಕಬ್ಬಿಣದ ವೇಟು ಹಾಕಿಸಿ. ಮುಂದಿನ ಅಚ್ಚಿಗಿಂತ 60 ಸೆಂಟಿಮೀಟರ್ ಮುಂದೆ 100 ಕೆಜಿ ಹಾಕಿದರೆ ಮುಂದಿನ ಗಾಲಿಗೆ 130 ಕೆಜಿ ಸಿಗುತ್ತದೆ. ಎಷ್ಟು ಹಾಕಬಹುದು ಅಂತ ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ನೋಡಿ. ವೇಟಿನ ಬದಲು ಬಂಪರ್ ಮೇಲೆ ಇಬ್ಬರು ಹುಡುಗರನ್ನ ನಿಲ್ಲಿಸೋದು ನಮ್ಮಲ್ಲಿ ಇದೆ. ದಯವಿಟ್ಟು ಮಾಡಬೇಡಿ. ಜಾರಿದರೆ ಗಾಲಿಯ ಕೆಳಗೇ ಬೀಳುತ್ತಾರೆ.

ಟ್ರಾಲಿ ಸಮ ಕಾಣಲಿ ಅಂತ ಹುಕ್ಕನ್ನ ಮೇಲೆ, ಟಾಪ್ ಲಿಂಕ್ (ನೇಗಿಲು, ಕಲ್ಟಿವೇಟರ್ ಕಟ್ಟುವ ಮೇಲಿನ ಸರಳು) ಹತ್ತಿರ ಕಟ್ಟಿಸಬೇಡಿ. ಹಿಂದಿನ ಅಚ್ಚಿಗಿಂತ ಮೇಲಿಂದ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೇ ಮಗುಚಬಹುದು.

ವರ್ಷವೆಲ್ಲ ಭಾರದ ಲೋಡೇ ಇದ್ದರೆ ನಾಲ್ಕು ಗಾಲಿಯ ಟ್ರಾಲಿ ನೋಡಿ. ಭಾರವೆಲ್ಲ ಅದೇ ಹೊರುತ್ತದೆ, ಹುಕ್ಕಿಗೆ ಎಳೆಯೋದಷ್ಟೇ ಕೆಲಸ. ಆದರೆ ರಿವರ್ಸ್ ಕಷ್ಟ. ಮೇಲೆ ಭಾರ ಬೀಳದ್ದರಿಂದ ಹಸಿ ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತವೂ ಸಾಲದು. ಗದ್ದೆಯಿಂದಲೇ ತುಂಬೋರಿಗೆ ನಾನಂತೂ ಎರಡು ಗಾಲಿಯದ್ದೇ ಹೇಳುತ್ತೇನೆ.

ತೂಗಿಸಿದ ಮೇಲೆ ಮೂರೂ ಅಂಕಿ ಇಲ್ಲೇ ಹಾಕಿ, ಎಷ್ಟು ವೇಟು ಬೇಕು ಅಂತ ಕೂತು ಲೆಕ್ಕ ಹಾಕೋಣ.