ಲೇತ್ ಮುಂದೆ ನಿಂತವರಿಗೆ ನೆರವಾಗುವ ವಿಡಿಯೊ ಚಾನೆಲ್‌ಗಳು

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಲೋಹಗೆಲಸ ಕಲಿಯಬೇಕೆಂಬ ಆಸೆಯಿಂದ ಲೋಹದ ಸಲಾಕೆಯನ್ನು ತಿರುಗಿಸುತ್ತಾ ಕೊಯ್ಯುವ ಯಂತ್ರವಾದ ಒಂದು ಸಣ್ಣ ಲೇತ್ ಕೊಂಡಿದ್ದೇನೆ. ಯೂಟ್ಯೂಬಿನಲ್ಲಿ ಹುಡುಕಿದರೆ ತುಕ್ಕು ಹಿಡಿದ ಕೊಡಲಿಯನ್ನು ಹತ್ತು ನಿಮಿಷದಲ್ಲಿ ಕನ್ನಡಿಯಂತೆ ಹೊಳೆಯಿಸುವ ವಿಡಿಯೊಗಳೇ ಸಾಲುಸಾಲಾಗಿ ಬರುತ್ತವೆ. ನೋಡಲು ಸೊಗಸಾಗಿರುತ್ತವೆ, ಆದರೆ ಅವನ್ನು ನೋಡಿ ಮುಗಿಸಿ ಲೇತ್ ಮುಂದೆ ನಿಂತರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ನಿಜವಾಗಿ ಕಲಿಸುವ ಚಾನೆಲ್‌ಗಳನ್ನು ಹೇಗೆ ಹುಡುಕಬೇಕು?

ಉತ್ತರ: ತೊಡಕು ಇರುವುದು ನೀವು ಹುಡುಕಾಟಕ್ಕೆ ಕೊಡುತ್ತಿರುವ ಪದಗಳಲ್ಲಿ. ‘ಮೆಟಲ್ ವರ್ಕಿಂಗ್’, ‘ವರ್ಕ್‌ಶಾಪ್’ ಎಂಬ ಅಗಲವಾದ ಪದಗಳನ್ನು ಕೊಟ್ಟಾಗ ಲಕ್ಷಾಂತರ ಜನ ಕಣ್ಣಿಗೆ ಹಬ್ಬವೆಂದು ನೋಡಿದ ವಿಡಿಯೊಗಳೇ ಮೊದಲು ಬರುತ್ತವೆ; ಕಲಿಸುವವರು ಎಲ್ಲೋ ಕೆಳಗೆ ಉಳಿದುಬಿಡುತ್ತಾರೆ. ಆದ್ದರಿಂದ ಹವ್ಯಾಸದ ಹೆಸರನ್ನು ಬಿಟ್ಟು, ನಿಮ್ಮ ಕೈ ಯಾವ ಕೆಲಸದಲ್ಲಿ ನಿಂತುಹೋಯಿತೋ ಆ ಕೆಲಸದ ಹೆಸರಿನಿಂದಲೇ ಹುಡುಕಿ. ಸಲಾಕೆಯನ್ನು ನಾಲ್ಕು ದವಡೆಯ ಚಕ್ಕಿನಲ್ಲಿ (ಲೇತಿನಲ್ಲಿ ಸಲಾಕೆಯನ್ನು ಕಚ್ಚಿ ಹಿಡಿದು ತಿರುಗುವ ಭಾಗ) ಸರಿಯಾಗಿ ನಡುವಿಗೆ ತರಬೇಕಾಗಿದ್ದರೆ ‘ಫೋರ್ ಜಾ ಚಕ್ ಡಯಲ್ ಇಂಡಿಕೇಟರ್’ ಎಂದೂ, ತುಂಡು ಕತ್ತರಿಸುವಾಗ ಉಪಕರಣ ಅದುರಿ ಕಿರುಚುತ್ತಿದ್ದರೆ ‘ಪಾರ್ಟಿಂಗ್ ಚಾಟರ್’ ಎಂದೂ, ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಹಾಕಬೇಕಿದ್ದರೆ ‘ಸಿಂಗಲ್ ಪಾಯಿಂಟ್ ಥ್ರೆಡಿಂಗ್’ ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ಆಗ ಎದುರಿಗೆ ಬರುವವರು ಬಹುಪಾಲು ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವರೇ ಆಗಿರುತ್ತಾರೆ.

ಮೊದಲ ಲೇತ್ ಕೊಂಡವರಿಗೆ ನಾನು ಹೇಳುವ ಹೆಸರು ಬ್ಲಾಂಡಿಹ್ಯಾಕ್ಸ್. ಈ ಚಾನೆಲ್ಲಿನಲ್ಲಿ ಲೇತ್ ಕೌಶಲಗಳಿಗೆಂದೇ ಒಂದು ಪಾಠಮಾಲೆ ಇದೆ. ಸಣ್ಣ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಬರುವ ಅನುಮಾನಗಳನ್ನು ಅದು ಬುಡದಿಂದ ಎತ್ತಿಕೊಳ್ಳುತ್ತದೆ. ಸಣ್ಣ ಉಗಿಯಂತ್ರದ ಮಾದರಿಗಳನ್ನು ಕಟ್ಟುವ ವಿಡಿಯೊಗಳಲ್ಲಿ, ತಪ್ಪಿ ಹಾಳಾದ ಭಾಗವನ್ನು ಬದಿಗೆಸೆದು ಮುಚ್ಚಿಡದೆ, ಎಲ್ಲಿ ಎಡವಿದ್ದೆಂದು ತೋರಿಸಿಕೊಟ್ಟೇ ಮುಂದೆ ಹೋಗುತ್ತಾರೆ. ಎರಡನೆಯದು ಎಂಆರ್‌ಪೀಟ್222. ಶಾಲೆಯಲ್ಲಿ ಕಾರ್ಯಾಗಾರದ ಪಾಠ ಹೇಳಿ ನಿವೃತ್ತರಾದ ಅಮೆರಿಕದ ಮೇಷ್ಟರೊಬ್ಬರು ಕಟ್ಟಿದ ಚಾನೆಲ್ ಇದು. ಚಿತ್ರೀಕರಣದಲ್ಲಿ ಥಳುಕಿಲ್ಲ, ಮಾತು ನಿಧಾನ, ವಿಡಿಯೊಗಳು ನೂರಾರು. ಆದರೂ ಅರ ಹಿಡಿಯುವುದರಿಂದ ಹಿಡಿದು ಡ್ರಿಲ್ ಸಾಣೆ ಹಿಡಿಯುವವರೆಗೆ, ತರಗತಿಯ ಮುಂದಿನ ಬೆಂಚಿನಲ್ಲಿ ಕೂತಂತೆ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಇಲ್ಲಿಂದ ಮುಂದಿನ ಹುಡುಕಾಟವನ್ನು ತಾಣದ ಶಿಫಾರಸಿಗೆ ಬಿಡಬೇಡಿ. ಒಳ್ಳೆಯ ಕೆಲಸಗಾರರು ಒಬ್ಬರನ್ನೊಬ್ಬರು ಬಲ್ಲವರು. ‘ಈ ವಿಧಾನವನ್ನು ಇಂಥವರಿಂದ ಕಲಿತೆ’ ಎಂದು ವಿಡಿಯೊದ ನಡುವೆ ಹೇಳುವುದು ಅವರಲ್ಲಿ ರೂಢಿ. ಆ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಆಮೇಲೆ ಹುಡುಕಿ. ಚಾನೆಲ್ಲಿನ ಮುಖಪುಟದಲ್ಲಿ ಅವರೇ ಆರಿಸಿಟ್ಟ ಬೇರೆ ಚಾನೆಲ್‌ಗಳ ಪಟ್ಟಿ ಇದ್ದರೆ ಅದನ್ನೂ ನೋಡಿ. ಇಂಥ ದಾರಿಗಳಲ್ಲಿ ಹೊರಟರೆ ಲೋಹಗೆಲಸವನ್ನು ನಗೆಯೊಂದಿಗೆ ಬೆರೆಸಿದರೂ ಗಂಭೀರ ವಿಷಯವನ್ನು ಕೈಬಿಡದ ದಿಸ್ ಓಲ್ಡ್ ಟೋನಿ, ಭಾರೀ ಯಂತ್ರಗಳ ಹೈಡ್ರಾಲಿಕ್ ಸಿಲಿಂಡರ್‌ಗಳನ್ನು ದುರಸ್ತಿ ಮಾಡುವ ಕಟಿಂಗ್ ಎಡ್ಜ್ ಎಂಜಿನಿಯರಿಂಗ್ ಆಸ್ಟ್ರೇಲಿಯಾ, ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದ ನಿಖರತೆಗೆ ಹೆಸರಾದ ರಾಬ್‌ರೆಂಜ್ ಇವರೆಲ್ಲ ಸಿಗುತ್ತಾರೆ. ಕೊನೆಯದನ್ನು ಹೊಸಬರು ಒಂದು ವರ್ಷ ಕೈ ಪಳಗಿದ ಮೇಲೆ ನೋಡುವುದು ಮೇಲು; ಅಷ್ಟರಲ್ಲಿ ನಿಮಗೆ ಕೇಳಬೇಕಾದ ಪ್ರಶ್ನೆಗಳು ಹುಟ್ಟಿರುತ್ತವೆ.

ಹೊಸ ಚಾನೆಲ್ ಕಲಿಸುವಂಥದೋ ಅಲ್ಲವೋ ಎಂದು ತಿಳಿಯಲು ನಾನು ಎರಡು ಸಂಗತಿಗಳನ್ನು ನೋಡುತ್ತೇನೆ. ಅಳತೆಯನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತಾರೆಯೇ? ಯಂತ್ರದ ವೇಗ, ಕೊಯ್ತದ ಆಳ ಇವನ್ನು ಅಂಕಿಯಲ್ಲಿ ಹೇಳಿ, ಆ ಅಂಕಿ ಎಲ್ಲಿಂದ ಬಂತೆಂದು ವಿವರಿಸುತ್ತಾರೆಯೇ? ಉದಾಹರಣೆಗೆ, ಹೈಸ್ಪೀಡ್ ಸ್ಟೀಲಿನ ಉಪಕರಣದಿಂದ ಮೈಲ್ಡ್ ಸ್ಟೀಲನ್ನು ಕೊಯ್ಯುವಾಗ ಸಲಾಕೆಯ ಮೇಲ್ಮೈ ಉಪಕರಣದ ಮುಂದೆ ನಿಮಿಷಕ್ಕೆ ಸುಮಾರು 30 ಮೀಟರ್ ಸಾಗುವ ವೇಗ ಸರಿಯೆಂದು ಹಿಡಿದರೆ, 25 ಮಿಲಿಮೀಟರ್ ವ್ಯಾಸದ ಸಲಾಕೆ ನಿಮಿಷಕ್ಕೆ ಸುಮಾರು 380 ಸುತ್ತು ತಿರುಗಬೇಕು. ವ್ಯಾಸ ಇಮ್ಮಡಿಯಾದರೆ ಸುತ್ತುಗಳು ಅರ್ಧಕ್ಕೆ ಇಳಿಯಬೇಕು. ಈ ಲೆಕ್ಕವನ್ನು ಒಮ್ಮೆ ತಿಳಿಸಿಕೊಟ್ಟವರು ನಿಮಗೆ ಎಲ್ಲ ಸಲಾಕೆಗಳನ್ನೂ ಕಲಿಸಿದಂತೆ. ಬರೀ ಗುಂಡಿ ಒತ್ತಿ ಹೊಳೆಯುವ ಲೋಹದ ಸುರುಳಿ ತೋರಿಸಿದವರು ಆ ಒಂದನ್ನೂ ಕಲಿಸಿರುವುದಿಲ್ಲ.

ನೀವು ಹೇಳಿದ ತುಕ್ಕಿನ ಕೊಡಲಿಯ ಬಗೆಗೂ ಒಂದು ಮಾತು. ಚೆನ್ನಾಗಿರುವ ವಸ್ತುವಿಗೆ ತಾವೇ ತುಕ್ಕು ಬರಿಸಿ ಆಮೇಲೆ ಅದನ್ನು ‘ಉಳಿಸುವ’ ವಿಡಿಯೊಗಳೂ ಓಡಾಡುತ್ತಿವೆ. ವಸ್ತುವಿನ ಮೇಲೆಲ್ಲ ಒಂದೇ ಬಣ್ಣದ ತೆಳುವಾದ ತುಕ್ಕಿದ್ದು, ಅದನ್ನು ಒರೆಸಿದಾಗ ಕೆಳಗೆ ಒಂದು ಗುಳಿಯೂ ಕಾಣದಿದ್ದರೆ ಅನುಮಾನ ಪಡಿ. ಹಾಗೆಂದು ಈ ಬಗೆಯನ್ನೇ ಬಿಡಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಮೈ ಮೆಕ್ಯಾನಿಕ್ಸ್ ಚಾನೆಲ್ಲಿನಲ್ಲಿ ಕೆಟ್ಟುಹೋದ ತಿರುಪನ್ನು ಲೇತಿನಲ್ಲಿ ಹೊಸದಾಗಿ ಮಾಡಿ ಹಾಕುವುದನ್ನು ನೋಡಿದರೆ, ಭಾಗವೊಂದನ್ನು ಯಾವ ಅನುಕ್ರಮದಲ್ಲಿ ಮಾಡಬೇಕೆಂಬ ಯೋಚನೆ ಮಾತಿಲ್ಲದೆಯೇ ಅರ್ಥವಾಗುತ್ತದೆ.

ಇಬ್ಬರು ಗುರುಗಳು ಒಂದೇ ಕೆಲಸವನ್ನು ಬೇರೆ ಬೇರೆಯಾಗಿ ಹೇಳಿದಾಗ ಗಲಿಬಿಲಿಯಾಗುವುದು ಸಹಜ. ಥ್ರೆಡ್ ಹಾಕುವುದನ್ನೇ ತೆಗೆದುಕೊಳ್ಳಿ. ಉಪಕರಣ ಚಕ್ಕಿನ ಕಡೆಗೆ ಸರಿಯುತ್ತಾ ಬರುವುದು ಹಳೆಯ ರೂಢಿ. ಕ್ಷಣ ತಡವಾದರೂ ಡಿಕ್ಕಿ ಹೊಡೆಯುವ ಭಯ ಅದರಲ್ಲಿದೆ. ಜೋ ಪೈ ಎಂದು ಹೆಸರಾದ ಅನುಭವಿ ಯಂತ್ರಗೆಲಸಗಾರರು ಲೇತನ್ನು ಹಿಮ್ಮುಖವಾಗಿ ತಿರುಗಿಸಿ, ಉಪಕರಣ ಚಕ್ಕಿನಿಂದ ಆಚೆಗೆ ಹೋಗುವಂತೆ ಮಾಡುವ ವಿಧಾನವನ್ನು ತೋರಿಸಿದ್ದಾರೆ. ಅದು ಬಹಳ ಚಂದದ ಉಪಾಯ. ಆದರೆ ನಿಮ್ಮ ಲೇತಿನ ಚಕ್ಕನ್ನು ಬೋಲ್ಟಿನಿಂದ ಬಿಗಿಯದೆ ತಿರುಪಿನಂತೆ ಸ್ಪಿಂಡಲಿಗೆ (ಚಕ್ಕನ್ನು ತಿರುಗಿಸುವ ದಂಡ) ಸುತ್ತಿ ಕೂರಿಸಿದ್ದರೆ, ಹಿಮ್ಮುಖವಾಗಿ ತಿರುಗಿಸಿ ಕೊಯ್ಯುವಾಗ ಚಕ್ಕೇ ಬಿಚ್ಚಿಕೊಂಡು ಬರಬಹುದು. ಹೀಗೆ, ಒಂದು ವಿಧಾನವನ್ನು ಮೆಚ್ಚಿದ ಮೇಲೆ ಅದು ತೋರಿಸಿದವರ ಯಂತ್ರಕ್ಕೆ ಮಾತ್ರ ಹೊಂದುವುದೋ ನಿಮ್ಮದಕ್ಕೂ ಹೊಂದುವುದೋ ಎಂದು ನೋಡಿಯೇ ಕೈ ಹಾಕಿ.

ಕಲಿಯುವ ಹಂಗಿಲ್ಲದೆ, ಈ ವಿದ್ಯೆಯ ಎತ್ತರ ಎಷ್ಟೆಂದು ಕಾಣಬೇಕೆನಿಸಿದ ದಿನ ಕ್ಲಿಕ್‌ಸ್ಪ್ರಿಂಗ್ ನೋಡಿ. ಗಡಿಯಾರ ಮಾಡುವುದರಿಂದ ಹೆಸರಾದ ಈ ಆಸ್ಟ್ರೇಲಿಯಾದ ಚಾನೆಲ್, 1901ರಲ್ಲಿ ಗ್ರೀಸಿನ ಕಡಲ ತಳದಿಂದ ಮೇಲೆತ್ತಿದ, ಸೂರ್ಯಚಂದ್ರರ ಚಲನೆಯನ್ನು ಲೆಕ್ಕ ಹಾಕುತ್ತಿದ್ದ ಪ್ರಾಚೀನ ಗ್ರೀಕರ ಹಲ್ಲುಚಕ್ರಗಳ ಆಂಟಿಕಿಥೆರಾ ಯಂತ್ರವನ್ನು ಮತ್ತೆ ಕಟ್ಟುತ್ತಾ, ಪ್ರಾಚೀನರ ಕೈಯಲ್ಲಿದ್ದಿರಬಹುದಾದ ಉಪಕರಣಗಳನ್ನೂ ಮಾಡಿ ನೋಡುತ್ತಾ ಬಂದಿದೆ. ಕೆಲಸದ ನಡುವೆ ಆ ಯಂತ್ರದ ಪಂಚಾಂಗದ ಬಳೆಯಲ್ಲಿದ್ದ ರಂಧ್ರಗಳನ್ನು ಅಳೆದು, ಅವು 365 ಇರದೆ ಚಾಂದ್ರಮಾನ ವರ್ಷಕ್ಕೆ ಹೊಂದುವ 354 ಇದ್ದಿರಬೇಕೆಂಬ ಪ್ರಬಂಧವನ್ನೂ ಚಾನೆಲ್ಲಿನ ತಯಾರಕರು ಸಹಲೇಖಕರೊಂದಿಗೆ ಪ್ರಕಟಿಸಿದರು. ಹವ್ಯಾಸಿಯ ಕಾರ್ಯಾಗಾರದಲ್ಲಿ ಹುಟ್ಟಿದ ಪ್ರಶ್ನೆಯೊಂದು ವಿದ್ವಾಂಸರ ಚರ್ಚೆಗೆ ಸೇರಿತೆಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಪ್ರಶ್ನೆ: ನನ್ನ ಹದಿನಾರು ವರ್ಷದ ಮಗಳು ಕುಲುಮೆ ಕೆಲಸ, ಎರಕ, ವೆಲ್ಡಿಂಗ್ ವಿಡಿಯೊಗಳನ್ನು ನೋಡಿ ತಾನೂ ಮಾಡುತ್ತೇನೆ ಎನ್ನುತ್ತಿದ್ದಾಳೆ. ಬೇಡವೆನ್ನಲು ಮನಸ್ಸಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ. ಯಾವುದನ್ನು ನೋಡಲು ಬಿಡಬಹುದು?

ಉತ್ತರ: ಅವಳ ಆಸೆಗೆ ಅಡ್ಡ ಬರಬೇಡಿ, ಆದರೆ ಜೊತೆಯಲ್ಲಿ ಕೂತು ನೋಡಿ. ಕುಲುಮೆಗೆ ಬ್ಲ್ಯಾಕ್ ಬೇರ್ ಫೋರ್ಜ್ ಒಳ್ಳೆಯ ಆರಂಭ. ಅಡೆಗಲ್ಲಿನ ಮುಂದೆ ನಿಲ್ಲುವ ಭಂಗಿ, ಸುತ್ತಿಗೆಯ ಏಟು, ಕಾದ ಕಬ್ಬಿಣದ ಬಣ್ಣವನ್ನು ಓದುವ ಬಗೆ ಇವನ್ನೆಲ್ಲ ಅಲ್ಲಿ ಸಾವಧಾನವಾಗಿ ಹೇಳಿಕೊಡುತ್ತಾರೆ. ವೆಲ್ಡಿಂಗಿಗೆ ವೆಲ್ಡಿಂಗ್ ಟಿಪ್ಸ್ ಆ್ಯಂಡ್ ಟ್ರಿಕ್ಸ್ ಚಾನೆಲ್ಲಿನಲ್ಲಿ ಕರಗಿದ ಲೋಹದ ಕೊಳವನ್ನು ಹತ್ತಿರದಿಂದ ಚಿತ್ರಿಸಿ ತೋರಿಸುವುದರಿಂದ, ಹೊಸಬರು ಕವಚದ ಹಿಂದೆ ನಿಂತು ಏನನ್ನು ನೋಡಬೇಕೆಂಬುದು ಮೊದಲೇ ತಿಳಿಯುತ್ತದೆ. ಎರಕವನ್ನು ಮಾತ್ರ ಅನುಭವಿಗಳೊಬ್ಬರು ಎದುರಿಗಿಲ್ಲದೆ ಮಾಡಿಸಬೇಡಿ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಚ್ಚಿನಲ್ಲೋ ಇಕ್ಕಳದ ತುದಿಯಲ್ಲೋ ಒಂದು ಹನಿ ನೀರು ಉಳಿದಿದ್ದು ಆ ಲೋಹದ ಒಳಗೆ ಸಿಕ್ಕಿಕೊಂಡರೆ, ಅದು ಕ್ಷಣದಲ್ಲಿ ಆವಿಯಾಗಿ ಕಾದ ಲೋಹವನ್ನು ಸುತ್ತಲೂ ಸಿಡಿಸುತ್ತದೆ.

ವಿಡಿಯೊಗಳು ಹೇಳದೆ ಬಿಡುವ ಅಪಾಯಗಳನ್ನು ನೀವೇ ತಿಳಿದಿರಬೇಕು. ಸತು ಲೇಪಿಸಿದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿದರೆ, ಸತು 907 ಡಿಗ್ರಿಯಲ್ಲೇ ಕುದಿಯುವುದರಿಂದ, ಕಬ್ಬಿಣ ಕರಗುವ ಮೊದಲೇ ಅದು ಹೊಗೆಯಾಗುತ್ತದೆ. ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿ ಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ (ವಾಹನದ ಬ್ರೇಕಿನ ಜಿಡ್ಡು ತೆಗೆಯುವ ದ್ರವ) ಒರೆಸಿದ ಲೋಹದ ಮೇಲೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ಪ್ರಾಣಾಂತಕ ಅನಿಲವೇ ಹುಟ್ಟಬಹುದು. ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಅದರ ವಿದ್ಯುತ್ತಿನಿಂದ ಮರದ ಮೇಲೆ ಮಿಂಚಿನ ಚಿತ್ತಾರ ಸುಡುವ ವಿಡಿಯೊಗಳನ್ನು ನೋಡಿ ಹಾಗೆಯೇ ಮಾಡಲು ಹೋದ ಹಲವರು ಸತ್ತಿದ್ದಾರೆ. ಅದನ್ನು ಯಾರು ಎಷ್ಟು ಅಂದವಾಗಿ ತೋರಿಸಿದರೂ ಮನೆಯಲ್ಲಿ ಮಾಡಕೂಡದು. ತಿರುಗುವ ಲೇತಿನ ಮುಂದೆ ಕೈಗವಸು ಹಾಕಿ ನಿಂತವರನ್ನೋ, ಚಕ್ಕಿನ ಕೀಲಿಯನ್ನು ಅದರಲ್ಲೇ ಬಿಟ್ಟು ಕೈ ತೆಗೆಯುವವರನ್ನೋ ಕಂಡರೆ, ಚಾನೆಲ್ಲಿಗೆ ಎಷ್ಟೇ ಚಂದಾದಾರರಿರಲಿ, ಅಲ್ಲಿಂದ ಎದ್ದುಬಿಡಿ. ಜಡೆಯನ್ನು ಬಿಗಿಯಾಗಿ ಕಟ್ಟಿ, ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಕನ್ನಡಕ ಹಾಕಿಕೊಂಡೇ ಯಂತ್ರದ ಬಳಿ ಹೋಗುವ ಅಭ್ಯಾಸ ಮೊದಲ ದಿನವೇ ಆಗಲಿ.

ಪ್ರಶ್ನೆ: ಇಂಗ್ಲಿಷ್ ಮಾತಿನ ಓಟ ಹಿಡಿಯಲು ಆಗುವುದಿಲ್ಲ. ಅಳತೆಗಳೂ ಇಂಚಿನಲ್ಲಿರುತ್ತವೆ. ಏನು ಮಾಡಲಿ?

ಉತ್ತರ: ಅಡಿಬರಹವನ್ನು ಹಾಕಿಕೊಂಡು ವೇಗವನ್ನು ಮುಕ್ಕಾಲಿಗೆ ಇಳಿಸಿ, ಕೆಲಸವನ್ನು ಕೈಯಿಂದ ತೋರಿಸುವ ಭಾಗಕ್ಕೆ ಮಾತು ಬೇಕಾಗಿಯೂ ಇಲ್ಲ. ಅಳತೆಯಲ್ಲಿ ಮಾತ್ರ ಎಚ್ಚರವಿರಲಿ. ಅಮೆರಿಕದವರು ‘ಥೌ’ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು, ಅಂದರೆ 0.0254 ಮಿಲಿಮೀಟರ್. ‘ಟೆಂತ್’ ಎಂದಾಗ ಮಿಲಿಮೀಟರಿನ ಹತ್ತನೆಯ ಒಂದು ಪಾಲೆಂದು ತಿಳಿದು ನಾನೇ ಒಂದು ಬೇರಿಂಗಿನ ಗೂಡನ್ನು ಹಾಳು ಮಾಡಿಕೊಂಡಿದ್ದೆ. ಅವರ ಬಾಯಲ್ಲಿ ಅದು ಇಂಚಿನ ಹತ್ತುಸಾವಿರದಲ್ಲೊಂದು ಪಾಲು, 0.00254 ಮಿಲಿಮೀಟರ್. ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಲೇತ್ ಹಿಂದಿನ ಗೋಡೆಗೆ ಅಂಟಿಸಿಕೊಳ್ಳಿ.