ಬಿಳಿ ಪಟ್ಟಿಯ ಟೈರ್ ಹಾಕಿಸಲೇ?

ಪ್ರಶ್ನೆ: ನನ್ನ ಕ್ರೂಸರ್ ಬೈಕಿನ ಹಿಂದಿನ ಟೈರ್ 130 ಮಿ.ಮೀ. ಅಗಲ. ಕಸ್ಟಮ್ ವೀಲ್ ಜೊತೆ 150ರ ಬಿಳಿ ಪಟ್ಟಿಯ ಟೈರ್ ಹಾಕಿಸುವ ಆಸೆ. ಆಗುತ್ತಾ?

ಉತ್ತರ: ಆಗಬಹುದು, ಆದರೆ ದುಡ್ಡು ಕೊಡುವ ಮೊದಲು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಕವಲು) ಒಳಗಿನ ಜಾಗ ಅಳೆಯಿರಿ. 20 ಮಿ.ಮೀ. ಜಾಸ್ತಿ ಅಂದರೆ ಒಂದೊಂದು ಬದಿಗೆ 10 ಮಿ.ಮೀ., ಚೈನ್ ಕಡೆ ಅಷ್ಟು ಸಿಗೋದೇ ಕಷ್ಟ, ನಿಂತಾಗ ತಾಗದ ಟೈರ್ ವೇಗದಲ್ಲಿ ಸ್ವಲ್ಪ ಉಬ್ಬಿ ಉಜ್ಜಬಹುದು. ಕಿರಿದಾದ ರಿಮ್‌ಗೆ ಅಗಲದ ಟೈರ್ ತುರುಕಬೇಡಿ. ಅಂಚು ಒಳಕ್ಕೆ ಎಳೆದುಕೊಂಡು ಟೈರ್ ಗುಂಡಗಾಗುತ್ತದೆ, ತಿರುವಿನಲ್ಲಿ ಬೈಕ್ ವಿಚಿತ್ರವಾಗಿ ವಾಲುತ್ತದೆ. ಕಡ್ಡಿಯ ವೀಲ್ ಆದರೆ ಸಾಮಾನ್ಯವಾಗಿ ಟ್ಯೂಬ್ ಬೇಕು. ಟೈರಿನ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗೇ ಇರಲಿ. ಕಪ್ಪು ಟೈರಿಗೆ ಸುಮ್ನೆ ಬಿಳಿ ಪೇಂಟ್ ಬಳಿಯೋದು ಬೇಡ, ಬದಿ ಬಾಗಿದಂತೆಲ್ಲ ಅದು ಬಿರುಕು ಬಿಡುತ್ತೆ. ಇನ್ನು ಬ್ರೇಕ್ ಪುಡಿ, ಚೈನ್ ಎಣ್ಣೆ ಎಲ್ಲ ಆ ಬಿಳಿಯ ಮೇಲೇ ಕೂರುತ್ತೆ, ಬ್ರಷ್ಷು ಸೋಪು ಹಿಡಿದು ಕೂರಲು ತಯಾರಿದ್ದೀರಿ ಅಲ್ವಾ?